ಮೂರು ದಿನದ ವಸತಿ ಶಿಬಿರ: ಕೂಲಿ, ಖರ್ಚು, ಪಾಠ. ಮಾಡಿದೋರು ಹೇಳ್ರಿ

ಸೇಡಂ ಗುತ್ತಿಗೆ ಕಾರ್ಮಿಕ (ಕೇಳಿದ್ದು):
ಎಲ್ಲರಿಗೂ ನಮಸ್ಕಾರ. ಸೇಡಂ ಕಡೆ ಸಿಮೆಂಟ್ ಕಾರ್ಖಾನೆಯೊಳಗ ಗುತ್ತೇದಾರರ ಕೈಕೆಳಗ ದುಡಿಯೋರ ಸಂಘ ನಮ್ದು. ಪ್ಯಾಕಿಂಗ್, ಲೋಡಿಂಗ್, ಸಫಾಯಿ ಕಡೆಯಿಂದ 40 ಮಂದಿನ ಆರಿಸಿ ಮೂರು ದಿನ, ಎರಡು ರಾತ್ರಿ ಒಂದೇ ಕಡೆ ಇಟ್ಟು ತರಬೇತಿ ಕೊಡಬೇಕಂತ ಠರಾವು ಆಗ್ಯದ. ಕೈಯಾಗ 60 ಸಾವಿರ ಅದ. 12 ಮಂದಿ ಹೆಣ್ಮಕ್ಕಳು, ಎಂಟು ಮಂದಿ ಕನ್ನಡ ಬರದ ಬಿಹಾರ, ಒಡಿಶಾದವರು. ಕೂಲಿ ಕಟ್ಟಿಕೊಡಬೇಕೋ ಬ್ಯಾಡೋ? ಯಾವ ಪಾಠ ಮೊದಲು? ಹಳೇ ಕಾರ್ಮಿಕ ಕಾಯ್ದೆಗಳ ಬದಲಿಗೆ ಕೇಂದ್ರದ ನಾಲ್ಕು ಹೊಸ ಕಾರ್ಮಿಕ ಸಂಹಿತೆ ಬಂದ ಮ್ಯಾಲ ಹಳೇ ಪುಸ್ತಕ ನಡೀತಾವೇನು?

ಶಹಾಬಾದ್ ಫರಸಿ:
ಕೂಲಿ ಕಟ್ಟಿಕೊಡ್ರಿ, ಇದರಾಗ ಎರಡು ಮಾತಿಲ್ಲ. ಆದ್ರ ಸಂಘದ ಖಜಾನೆಯಿಂದ ಬ್ಯಾಡ. ದಿನಕ್ಕ 400 ಹಿಡಿದ್ರೂ 40 ಮಂದಿಗೆ ಮೂರು ದಿನಕ್ಕ 48 ಸಾವಿರ. ಉಳಿದ 12 ಸಾವಿರದಾಗ ಊಟನೂ ಆಗಂಗಿಲ್ಲ. ಫರಸಿ (ನೆಲಕ್ಕ ಹಾಸೋ ಕಲ್ಲು) ಗಣಿ ಕಡೆ ನಾವು ನಡೆಸೋ ಲೆಕ್ಕ ಹಿಂಗ: ಒಬ್ಬರನ್ನ ಆರಿಸಿ ಕಳಿಸೋ ಹತ್ತು ಮಂದಿ ತಲಾ 120 ಹಾಕ್ತಾರ. 1,200 ಆಯ್ತು, ಮೂರು ದಿನದ ಕೂಲಿ ಮುಗೀತು. ರೊಕ್ಕ ಕೊಟ್ಟವರು ಹೊಳ್ಳಿ ಬಂದ ಮ್ಯಾಲ "ಏನ್ ಕಲ್ತಿ ಹೇಳು" ಅಂತ ಕೇಳೇ ಕೇಳ್ತಾರ. ಮುಖಂಡರ ತಮ್ಮ, ಅಳಿಯ ಅಂತ ಹೆಸರು ತೂರಿಸೋದೂ ನಿಲ್ತದ, ಯಾಕಂದ್ರ ಅಂಥವರಿಗೆ ಹತ್ತು ಮಂದಿ 120 ಕೊಡಂಗಿಲ್ಲ.

ಊಟದ ಲೆಕ್ಕ ತಗೋರಿ. ಅಡಗಿಯವರು, ಪಾಠ ಮಾಡೋರು ಸೇರಿ 45 ಬಾಯಿ. ಮೊದಲ ದಿನ ಮಧ್ಯಾಹ್ನದಿಂದ ಮೂರನೇ ದಿನ ಮಧ್ಯಾಹ್ನದ ತನಕ ಐದು ಊಟ. ತಲಿಗೆ ಮೂರು ರೊಟ್ಟಿ ಅಂದ್ರ 675. ಇಷ್ಟು ರೊಟ್ಟಿ ಅಲ್ಲೇ ಬಡಿಯಕ್ಕ ಹೋಗಬ್ಯಾಡ್ರಿ, ಒಲಿ ಮುಂದ ನಾಲ್ಕು ಮಂದಿ ಕುಂತ್ರೂ ಮುಗೀಯಂಗಿಲ್ಲ. ಮಹಿಳಾ ಸಂಘದವರಿಗೆ ಒಂದು ವಾರ ಮೊದಲೇ ಹೇಳಿ ಖಡಕ್ ರೊಟ್ಟಿ ತರಿಸ್ರಿ, ಒಂದಕ್ಕ 8 ರೂಪಾಯಿ ಹಿಡಿದ್ರ 5,400. ತೊಗರಿಬ್ಯಾಳಿ ಊಟಕ್ಕ ತಲಾ 50 ಗ್ರಾಂ, ಒಟ್ಟು 12 ಕಿಲೋ ತಂದಿಡ್ರಿ. ಅಕ್ಕಿ 18 ಕಿಲೋ. ಶೇಂಗಾ ಹಿಂಡಿ ಮೂರು ಕಿಲೋ ಇದ್ರ ಪಲ್ಯ ಕಮ್ಮಿ ಬಿದ್ರೂ ನಡೀತದ. ಚಹಾಕ್ಕ ಒಂದು ಸಲಕ್ಕ ಸವ್ವಾ ಎರಡು ಲೀಟರ್ ಹಾಲು.

ಜಾಗ ನೋಡೋವಾಗ ಹಾಲ್ ನೋಡಬ್ಯಾಡ್ರಿ, ಪಾಯಖಾನಿ ಎಣಿಸ್ರಿ. 40 ಮಂದಿಗೆ ಎರಡೇ ಇದ್ರ, ಒಬ್ಬರಿಗೆ ಆರು ನಿಮಿಷ ಅಂದ್ರೂ ಮುಂಜಾನೆ ಎರಡು ತಾಸು ಸಾಲು ನಿಲ್ತದ. ಒಂಬತ್ತರ ಪಾಠ ಹತ್ತೂವರೆಗೆ ಹೋಗ್ತದ, ಆಮೇಲೆ ಇಡೀ ದಿನ ಅದೇ ಜಗ್ಗಾಟ. ಹತ್ತು ಮಂದಿಗೆ ಒಂದಾದರೂ ಬೇಕು. ನೀರು ದಿನಕ್ಕ 3,000 ಲೀಟರ್. ಟ್ಯಾಂಕರ್ ಒಂದೇ ಅಂದ್ರ ಎರಡನೇ ರಾತ್ರಿಗೇ ನಲ್ಲಿ ಒಣಗ್ತದ.

ಬೀದರ್ ಹಳೆಯ ಕಾರ್ಯದರ್ಶಿ:
ರೊಟ್ಟಿ ಎಣಿಸುವುದರಲ್ಲೇ ಅರ್ಧ ಉತ್ತರ ಮುಗಿಯಿತು. ಶಿಬಿರ ಅಂದರೆ ಪಾಠ, ಮೊದಲು ಅದನ್ನು ಗಟ್ಟಿ ಮಾಡಿ. 1958ರಲ್ಲಿ ನಾಗಪುರದಲ್ಲಿ ಕಾರ್ಮಿಕ ಶಿಕ್ಷಣದ ಕೇಂದ್ರೀಯ ಮಂಡಳಿ ಶುರುವಾದಾಗ ಅದಕ್ಕೊಂದು ಮೂರು ಮೆಟ್ಟಿಲ ಪದ್ಧತಿ ಇತ್ತು: ಶಿಕ್ಷಣಾಧಿಕಾರಿ, ಅವರಿಂದ ಕಲಿತ ಕಾರ್ಮಿಕ ಶಿಕ್ಷಕ, ಆ ಶಿಕ್ಷಕ ತನ್ನ ಕಾರ್ಖಾನೆಯಲ್ಲೇ ನಡೆಸುವ ತರಗತಿ. ಈಗ ಅದು ಕಾರ್ಮಿಕ ಮುಖಂಡ ದತ್ತೋಪಂತ ಠೇಂಗಡಿಯವರ ಹೆಸರಿನಲ್ಲಿದೆ. ಯಾರು ಏನೇ ಅನ್ನಲಿ, ಆ ಮೂರನೇ ಮೆಟ್ಟಿಲಿಲ್ಲದ ಶಿಬಿರ ದುಡ್ಡಿನ ಹಾಳು.

ಪಾಠದ ಕ್ರಮ ಹೀಗಿರಲಿ. ಮೊದಲ ದಿನ ಪಗಾರ ಚೀಟಿ. ಎರಡನೇ ದಿನ ಆಪಾದನಾ ಪತ್ರ ಮತ್ತು ಇಲಾಖಾ ವಿಚಾರಣೆ. ಮೂರನೇ ದಿನ ಸಂಘದ ಲೆಕ್ಕ, ಠರಾವು, ಬೇಡಿಕೆ ಪಟ್ಟಿ. ಸಂಹಿತೆಗಳನ್ನು ಪ್ರತ್ಯೇಕ ಭಾಷಣ ಮಾಡಬೇಡಿ, ಈ ಮೂರರೊಳಗೇ ಹೆಣೆಯಿರಿ. 2025ರ ನವೆಂಬರ್ 21ರಿಂದ ನಾಲ್ಕೂ ಜಾರಿಯಾಗಿವೆ, ಆದ್ದರಿಂದ ಹಳೆಯ ಪುಸ್ತಕದಲ್ಲಿ ಎಲ್ಲಿ ಗೆರೆ ಹೊಡೆಯಬೇಕು ಅನ್ನುವುದನ್ನು ಕಲಿಸಬೇಕು. ಗುತ್ತಿಗೆ ಕಾರ್ಮಿಕರ ಕಾನೂನು 20 ಜನರಿದ್ದಲ್ಲಿ ಲಾಗೂ ಆಗುತ್ತಿತ್ತು, ಈಗ 50. ಮುಷ್ಕರಕ್ಕೆ 14 ದಿನದ ನೋಟಿಸ್ ಮೊದಲು ರೈಲು, ನೀರು, ವಿದ್ಯುತ್ತಿನಂಥ ಸಾರ್ವಜನಿಕ ಉಪಯುಕ್ತ ಸೇವೆಗಳಿಗೆ ಮಾತ್ರ ಇತ್ತು, ಈಗ ಎಲ್ಲರಿಗೂ. ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಜನ ಒಂದೇ ದಿನ ಒಟ್ಟಿಗೆ ಸಾಂದರ್ಭಿಕ ರಜೆ ಹಾಕಿದರೂ ಅದು ಮುಷ್ಕರವೇ. ಇದು ಗೊತ್ತಿಲ್ಲದೆ "ಎಲ್ಲರೂ ಸೋಮವಾರ ರಜೆ ಹಾಕೋಣ" ಅಂದ ಮುಖಂಡ ಜನರ ಕೆಲಸ ಕಳೆಯುತ್ತಾನೆ. ಒಂದಕ್ಕಿಂತ ಹೆಚ್ಚು ಸಂಘಗಳಿದ್ದಲ್ಲಿ ಮಾತುಕತೆಯ ಹಕ್ಕು 51 ಪ್ರತಿಶತ ಸದಸ್ಯರಿರುವ ಸಂಘಕ್ಕೆ. ಹಾಗಾಗಿ ಸದಸ್ಯತ್ವದ ರಸೀದಿ ಪುಸ್ತಕ ಬರೆಯುವುದೂ ಪಾಠವೇ.

ಕೂಲಿ ಕೊಡಬೇಡಿ. ಕೂಲಿಗೆ ಬಂದವನು ಕೂಲಿಗೇ ಬರುತ್ತಾನೆ.

ಆಳಂದ ಬಿಸಿಯೂಟ:
ಸರ್, ಪಗಾರ ಇರೋರು ಹಂಗ ಹೇಳಬಹುದು. ಮೂರು ದಿನ ಕೂಲಿ ತಪ್ಪಿದ್ರ ಸಂತಿ ತಪ್ತದ. ಕೂಲಿ ಇಲ್ಲ ಅಂದ್ರ ಯಾರು ಬರ್ತಾರ? ಮನ್ಯಾಗ ಇನ್ನೊಬ್ಬರು ದುಡಿಯೋರಿದ್ದವರಷ್ಟೇ. ಒಂಟಿ ಹೆಣ್ಮಕ್ಕಳು, ಗಂಡ ಸತ್ತವರು ಅಲ್ಲೇ ಕಳಚಿ ಬಿದ್ರು.

ಸೇಡಂ ಅಣ್ಣಾರ, ನಿಮ್ಮ 12 ಮಂದಿ ಬರಬೇಕಂದ್ರ ಇಷ್ಟು ಮಾಡ್ರಿ. ಚಿಲಕ ಒಳಗಿಂದ ಹಾಕೋ ಖೋಲಿ, ಅದಕ್ಕ ಹತ್ತಿದ ಪಾಯಖಾನಿ, ಹೋಗೋ ದಾರಿಗೆ ರಾತ್ರಿಯಿಡೀ ಲೈಟು. ಆರು ವರ್ಷದ ಒಳಗಿನ ಕೂಸು ಕರ್ಕೊಂಡು ಬರಬಹುದು ಅಂತ ಪತ್ರದಾಗೇ ಬರೀರಿ. ಕೂಸು ನೋಡಕ್ಕ ರೊಕ್ಕ ಕೊಟ್ಟು ಇಬ್ಬರನ್ನ ಇಡ್ರಿ, "ಯಾರಾದ್ರೂ ನೋಡ್ಕೋತಾರ" ಅಂದ್ರ ಕೊನಿಗೆ ತಾಯಂದಿರೇ ಹೊರಗ ಕುಂಡ್ರತಾರ. ಸಂಘದ ಶಿಕ್ಕಾ ಹಾಕಿದ ಪತ್ರ ಮನಿಗೆ ಹೋಗಬೇಕು, ಅದರಾಗ ಜಾಗದ ಹೆಸರು, ಜವಾಬ್ದಾರಿ ಇರೋ ಹೆಣ್ಮಗಳ ಫೋನ್ ನಂಬರ್, ಮುಗಿಯೋ ವ್ಯಾಳೆ. ಮೂರನೇ ದಿನ ಮೂರು ಗಂಟೆಗೆ ಬಿಡ್ರಿ. ಐದಕ್ಕ ಬಿಟ್ರ ಹಳ್ಳಿ ಬಸ್ ತಪ್ಪಿ ರಾತ್ರಿ ಒಂಬತ್ತಕ್ಕ ಮನಿ ಮುಟ್ಟತಾರ, ಮುಂದಿನ ಸಲ ಅತ್ತಿ ಕಳಿಸಂಗಿಲ್ಲ. ಹೋಗಿ ಬರೋ ಖರ್ಚು ಶಕ್ತಿ ಯೋಜನೆದಾಗ ಉಳೀತದ, ಆಧಾರ್ ತರಕ್ಕ ಹೇಳ್ರಿ.

ಗುಂಪು ಮಾಡೋವಾಗ ಗುಂಪಿಗೊಬ್ಬ ಹೆಣ್ಮಗಳು ಅಂತ ಹಂಚಬ್ಯಾಡ್ರಿ. ಆರು ಮಂದಿ ಗಂಡಸರ ನಡುವ ಒಬ್ಬಾಕಿ ಕುಂತ್ರ ಬಾಯಿ ತೆಗೆಯಂಗಿಲ್ಲ. ನಾಲ್ಕು ಗುಂಪಿನೊಳಗ ಮೂರು-ಮೂರು ಮಂದಿ ಇಟ್ರ ವಾದ ಮಾಡ್ತಾರ. ಮತ್ತ ಕೆಲಸದ ಜಾಗದಾಗಿನ ಲೈಂಗಿಕ ಕಿರುಕುಳದ ಪಾಠ ಗಂಡಸರಿಗೂ ಕೂಡೇ ಮಾಡ್ರಿ. 2013ರ ಕಾಯ್ದೆ: ಹತ್ತು ಮಂದಿ ಇದ್ದಲ್ಲಿ ಒಳಗಿನ ಸಮಿತಿ, ಅದಕ್ಕಿಂತ ಕಮ್ಮಿ ಇದ್ರ ಇಲ್ಲಾ ಮಾಲಕನ ಮ್ಯಾಲೇ ದೂರಿದ್ರ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ. ದೂರು ಮೂರು ತಿಂಗಳೊಳಗ. ಈ ಮೂರು ಮಾತು ಬಾಯಿಪಾಠ ಆಗಬೇಕು.

ಯಾದಗಿರಿ ಕಟ್ಟಡ:
ನಾ ಬ್ಯಾರೇನೇ ಹೇಳ್ತೀನಿ. ದಿನ ತಪ್ಪಿದ್ರ ಎಲ್ಲಾ ತಪ್ತದ. ತೊಗರಿ ರಾಶಿ ವ್ಯಾಳೆದಾಗ ಕರೀಬ್ಯಾಡ್ರಿ. ಎಳ್ಳ ಅಮಾಸಿ ಹಿಂದಮುಂದ ಎರಡು ದಿನ ಯಾರೂ ಬರಂಗಿಲ್ಲ, ಹೊಲಕ್ಕ ಹೋಗ್ತಾರ. ಏಪ್ರಿಲ್, ಮೇದಾಗ ತಗಡಿನ ಹಾಲ್ ಕೆಳಗ ಹನ್ನೆರಡರಿಂದ ನಾಲ್ಕರ ತನಕ ಪಾಠ ತಲಿಗೆ ಹತ್ತಂಗಿಲ್ಲ. ಆ ತಿಂಗಳೇ ಆಗಬೇಕಂದ್ರ ಮುಂಜಾನೆ ಏಳರಿಂದ ಹನ್ನೊಂದೂವರೆ, ಮತ್ತ ಸಂಜಿ ಐದರಿಂದ ಒಂಬತ್ತು ಮಾಡ್ರಿ.

ಗುತ್ತಿಗೆಯವರಿಗೆ ಇನ್ನೊಂದು ಅದ. ಗೇಟ್ ಪಾಸ್ ತಿಂಗಳಿಗೊಮ್ಮೆ ಹೊಸದು ಮಾಡೋ ಕಡೆ ಆ ವಾರದಾಗ ಶಿಬಿರ ಇಡಬ್ಯಾಡ್ರಿ. ಒಬ್ಬನೇ ಗುತ್ತೇದಾರನ ಕಡೆಯಿಂದ ಆರೇಳು ಮಂದಿ ಒಂದೇ ದಿನ ಹಾಜರಿ ತಪ್ಪಿಸಿದ್ರ ಅವನಿಗೆ ತಿಳೀತದ, ಮುಂದಿನ ತಿಂಗಳ ಪಟ್ಟಿದಾಗ ಹೆಸರು ಇರಂಗಿಲ್ಲ. ಒಬ್ಬ ಗುತ್ತೇದಾರನಿಂದ ಇಬ್ಬರು ಸಾಕು, ವಾರದ ರಜೆ ಹೊಂದಿಸಿ ಇಡ್ರಿ. ಫೋಟೋ ತಗದು ಸ್ಟೇಟಸ್‌ಗೆ ಹಾಕೋದು ಪೂರ್ತಿ ಬಂದ್. ಅದಕ್ಕ ಮೊದಲ ದಿನವೇ ಎಲ್ಲರ ಫೋನ್ ತಗೊಂಡು ಪೆಟ್ಟಿಗಿದಾಗ ಇಡ್ರಿ.

ಆಳಂದ ಬಿಸಿಯೂಟ:
ಫೋನ್ ಪೆಟ್ಟಿಗಿದಾಗ ಇಟ್ರ ನಮ್ಮ ಮಂದಿ ಮೊದಲ ರಾತ್ರಿನೇ ಎದ್ದು ಹೋಗ್ತಾರ್ರೀ. ಮನ್ಯಾಗ ಕೂಸಿಗೆ ಜ್ವರ ಬಂದ್ರ ಯಾರಿಗೆ ಫೋನ್ ಹಚ್ಚಬೇಕು? ಫೋಟೋ ಬ್ಯಾಡ ಅನ್ನೋದು ಖರೆ. ಅದನ್ನ ಮೊದಲ ತಾಸಿನಾಗ ಅವರ ಕೈಲೇ ನಿಯಮ ಮಾಡಿಸ್ರಿ, ಗೋಡಿಗೆ ಹಚ್ಚರಿ. ಪೆಟ್ಟಿಗಿ ಅಂದ್ರ ಗುತ್ತೇದಾರನ ಪದ್ಧತಿ ಆಯ್ತು.

ಯಾದಗಿರಿ ಕಟ್ಟಡ:
ಅಕ್ಕೋರೆ, ನನಗ ಗುತ್ತೇದಾರ ಅನಬ್ಯಾಡ್ರಿ. ಒಂದು ಫೋಟೋದಿಂದ ಕೆಲಸ ಹೋದವರ ಮನಿಗೆ ಅಕ್ಕಿ ಯಾರು ಕೊಡ್ತಾರ?

ಶಹಾಬಾದ್ ಫರಸಿ:
ಇಬ್ಬರೂ ನಿಲ್ಸರಿ. ಬೀದರ್ ಸರ್‌ಗೆ ಒಂದು ಮಾತು. ಪಾಠ ಪಾಠ ಅಂತೀರಿ, ಬೆಂಗಳೂರಿನಿಂದ ಬಂದವರು ಮೈಕ್ ಹಿಡಿದು ತಾಸುಗಟ್ಟಲೆ ಕಲಮು ಓದಿದ್ರ ಪಾಠ ಆಗಂಗಿಲ್ಲ. ಯಾವ ಅರ್ಜಿ ಯಾವ ಕಚೇರಿಗೆ ಅನ್ನೋದೇ ಅವರಿಗೆ ಗೊತ್ತಿರಂಗಿಲ್ಲ. ಸಿಮೆಂಟ್ ಕಾರ್ಖಾನಿ, ಫರಸಿ ಗಣಿ ಇವೆರಡರ ತಂಟೆ ಇಷ್ಟು ಕಾಲ ಕೇಂದ್ರದ ಕಾರ್ಮಿಕ ಅಧಿಕಾರಿಗಳ ವ್ಯಾಪ್ತಿ. ಅದೇ ಫರಸಿ ಪಾಲಿಶ್ ಮಾಡೋ ಘಟಕ ರಾಜ್ಯದ್ದು. ಇದು ತಿಳೀದೆ ಜಿಲ್ಲಾ ಕಚೇರಿಗೆ ಅರ್ಜಿ ಹಾಕಿದ್ರ ತಿಂಗಳುಗಟ್ಟಲೆ ಅಲ್ಲೇ ಕುಂತು "ನಮ್ಮ ವ್ಯಾಪ್ತಿ ಅಲ್ಲ" ಅಂತ ಹೊಳ್ಳಿ ಬರ್ತದ.

ಬೀದರ್ ಹಳೆಯ ಕಾರ್ಯದರ್ಶಿ:
ವ್ಯಾಪ್ತಿಯ ಮಾತು ಸರಿ, ಒಪ್ಪಿದೆ. ಆದರೆ ಮೈಕ್ ಹಿಡಿಯಿರಿ ಅಂತ ನಾನೆಲ್ಲೂ ಬರೆದಿಲ್ಲ, ಸರಿಯಾಗಿ ಓದಿ ಮಾತಾಡಿ. ಪಗಾರ ಚೀಟಿಯ ಪಾಠ ಹೇಗೆ ಅಂತ ಕೇಳಿ. ಪ್ರತಿಯೊಬ್ಬರೂ ತಮ್ಮದೇ ಚೀಟಿ ತರಬೇಕು. ಚೀಟಿಯೇ ಕೊಡದ ಗುತ್ತೇದಾರನಿದ್ದರೆ ಬ್ಯಾಂಕ್ ಪಾಸ್‌ಬುಕ್ ಮತ್ತು ಪಿಎಫ್‌ನ 12 ಅಂಕಿಯ ಸದಸ್ಯ ಸಂಖ್ಯೆ (ಯುಎಎನ್). ಒಂದು ಚೀಟಿಯನ್ನು ಹೆಸರು ಅಳಿಸಿ ದೊಡ್ಡ ಹಾಳೆಗೆ ಝೆರಾಕ್ಸ್ ಮಾಡಿ ಗೋಡೆಗೆ ಅಂಟಿಸಿ. ಸಣ್ಣ ಅಕ್ಷರ ಅರ್ಧ ಜನರಿಗೆ ಕಾಣುವುದಿಲ್ಲ, ನಾಚಿಕೆಗೆ ಹೇಳುವುದೂ ಇಲ್ಲ. ಹಾಜರಿ ದಿನ ಎಷ್ಟು, ತಾವು ದುಡಿದದ್ದು ಎಷ್ಟು, ಪಕ್ಕಪಕ್ಕ ಬರೆಸಿ. ಆಮೇಲೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಮೇಲೆ 12 ಪ್ರತಿಶತ ಪಿಎಫ್, ಆಸ್ಪತ್ರೆ ವಿಮೆಯ ಇಎಸ್‌ಐಗೆ 0.75 ಪ್ರತಿಶತ, ಇವನ್ನು ಅವರ ಕೈಯಿಂದಲೇ ಲೆಕ್ಕ ಹಾಕಿಸಿ. ಮಾಲೀಕ ತನ್ನ ಪಾಲಿನ ಪಿಎಫ್ ಅನ್ನೂ ಕಾರ್ಮಿಕನ ಪಗಾರದಿಂದಲೇ ಮುರಿದದ್ದು ಇಲ್ಲಿ ಸಿಕ್ಕಿಬೀಳುತ್ತದೆ. ಓವರ್‌ಟೈಮ್ ದುಪ್ಪಟ್ಟು ದರದಲ್ಲಿದೆಯೇ, ಒಂಟಿ ದರದಲ್ಲಿದೆಯೇ ಅದೂ ಕಾಣುತ್ತದೆ. ಈ ಒಂದು ಪಾಠಕ್ಕೆ ಮೂರೂವರೆ ತಾಸು ಬೇಕು, ಒಂದು ತಾಸಿನಲ್ಲಿ ಮುಗಿಸಿದರೆ ಲೆಕ್ಕ ಬರುವ ನಾಲ್ವರು ಮಾಡುತ್ತಾರೆ, ಉಳಿದವರು ಕಾಪಿ ಹೊಡೆಯುತ್ತಾರೆ.

ವಿಚಾರಣೆಯದ್ದು ನಾಟಕದಂತೆ ಮಾಡಿಸಿ. ಒಬ್ಬ ವಿಚಾರಣಾಧಿಕಾರಿ, ಒಬ್ಬ ಆಪಾದಿತ, ಒಬ್ಬ ಸಹಾಯಕ್ಕೆ ಕೂತ ಸಂಘದವ. ಅಲ್ಲಿ ಮೂರು ಅಭ್ಯಾಸ ಕೂಡಬೇಕು: ಓದಿ ಹೇಳದ ಕಾಗದಕ್ಕೆ ಸಹಿ ಇಲ್ಲ, ದಾಖಲೆ ಮತ್ತು ಸಾಕ್ಷಿಗಳ ಪಟ್ಟಿಯನ್ನು ಬರಹದಲ್ಲಿ ಕೇಳುವುದು, ತಿಳಿಯುವ ಭಾಷೆಯ ಪ್ರತಿ ಕೇಳುವುದು. ಅಮಾನತ್ತಿನಲ್ಲಿ ಮೊದಲ 90 ದಿನ ಅರ್ಧ ಪಗಾರ, ಆಮೇಲೆ ವಿಳಂಬಕ್ಕೆ ಕಾರ್ಮಿಕ ಕಾರಣವಲ್ಲದಿದ್ದರೆ 75 ಪ್ರತಿಶತ. ಅದನ್ನು ಕೇಳಿ ಪಡೆಯುವವರು ಬಹಳ ಕಡಿಮೆ.

ಯಾದಗಿರಿ ಕಟ್ಟಡ:
ಭಾಷಾದ ಮಾತು ಬಂತಲ್ಲ, ಅದನ್ನ ಯಾರೂ ಮುಟ್ಟಲಿಲ್ಲ. ಎಂಟು ಮಂದಿ ಹಿಂದಿಯವರನ್ನ ಹಿಂದ ಕುಂಡ್ರಿಸಿ ಒಬ್ಬ ಕಿವಿಯಾಗ ಅನುವಾದ ಮಾಡಿದ್ರ ಅವರಿಗೂ ತಿಳಿಯಂಗಿಲ್ಲ, ಪಕ್ಕದವರಿಗೂ ಕೇಳಂಗಿಲ್ಲ. ಅವರದ್ದೇ ಒಂದು ಗುಂಪು ಮಾಡ್ರಿ, ದಖನಿ (ನಮ್ಮ ಕಡೆ ಉರ್ದು) ಚಲೋ ಮಾತಾಡೋ ನಮ್ಮವನೊಬ್ಬನ್ನ ಕೂಡಿಸ್ರಿ. ಗುರುಮಠಕಲ್, ಸೇಡಂ ಗಡಿಯವರಿಗೆ ತೆಲುಗು, ಔರಾದ್ ಕಡೆಯವರಿಗೆ ಮರಾಠಿ, ತಾಂಡಾದವರಿಗೆ ಲಂಬಾಣಿ. ಪಾಠ ಮಾಡೋವಾಗ ಒಂದು ಮಾತಿಗೆ ನಾಲ್ಕು ಭಾಷಾ ಆಗ್ತದ, ಅಂದ್ರ ಪಾಠದ ಪಟ್ಟಿ ಅರ್ಧ ಇಳಸ್ರಿ. ಮತ್ತ ಅವರಿಗೆ ರೊಟ್ಟಿ ಮೂರು ಹಾಕಬ್ಯಾಡ್ರಿ, ಅನ್ನ ಜಾಸ್ತಿ ಇಡ್ರಿ.

ಶಹಾಬಾದ್ ಫರಸಿ:
ರೊಟ್ಟಿ ತಲಿಗೆ ಮೂರು ಸರಾಸರಿ ಅಂತ ಬರ್ದೀನಿ. ಲೋಡಿಂಗ್ ಮಾಡೋನು ಐದು ತಿಂತಾನ, ಒಡಿಶಾದವ ಒಂದು ತಿಂತಾನ, ಲೆಕ್ಕ ಸಮ ಆಗ್ತದ. 18 ಕಿಲೋ ಅಕ್ಕಿ ಅದಕ್ಕೇ ಹೇಳಿದ್ದು.

ಯಾದಗಿರಿ ಕಟ್ಟಡ:
18 ಸಾಲಂಗಿಲ್ಲ. 25 ತರಿಸ್ರಿ.

ಸೇಡಂ ಗುತ್ತಿಗೆ ಕಾರ್ಮಿಕ:
ಎಲ್ಲರಿಗೂ ಶರಣು. ಒಂದೇ ಕೇಳ್ತೀನಿ. ಸಂಘದ ಸಾಮಾನ್ಯ ನಿಧಿಯಿಂದ ಶಿಬಿರದ ಖರ್ಚು ಬರೀಬಹುದೇನು? ಖಜಾಂಚಿ ಆಗಂಗಿಲ್ಲ ಅಂತಾನ.

ಬೀದರ್ ಹಳೆಯ ಕಾರ್ಯದರ್ಶಿ:
ಆಗುತ್ತದೆ. ಸದಸ್ಯರ ಶಿಕ್ಷಣಕ್ಕೆ ಸಾಮಾನ್ಯ ನಿಧಿ ಖರ್ಚು ಮಾಡಬಹುದು ಅಂತ 1926ರ ಕಾರ್ಮಿಕ ಸಂಘಗಳ ಕಾಯ್ದೆಯ 15ನೇ ಕಲಮಿನಲ್ಲೇ ಇತ್ತು. ನಿಮ್ಮ ಸಂಘದ ನಿಯಮಾವಳಿಯ ಉದ್ದೇಶಗಳಲ್ಲಿ ಶಿಕ್ಷಣ ಅನ್ನುವ ಮಾತು ಇರಬೇಕು, ಮೊದಲು ಅದನ್ನು ತೆಗೆದು ನೋಡಿ. ಠರಾವಿನಲ್ಲಿ ದಿನಾಂಕ, ಜಾಗ, ಜನ, ಒಟ್ಟು ಮೊತ್ತ, ಖರ್ಚು ಮಾಡುವವರ ಹೆಸರು ಬರೆಯಿರಿ. ರೊಟ್ಟಿಯವರು ಬಿಲ್ ಕೊಡುವುದಿಲ್ಲ, ಅವರಿಂದ ವೋಚರ್ ಮೇಲೆ ಸಹಿ ಅಥವಾ ಹೆಬ್ಬೆಟ್ಟು ಅಂದೇ ತೆಗೆದುಕೊಳ್ಳಿ. ತಿಂಗಳಾದ ಮೇಲೆ ಹುಡುಕಿಕೊಂಡು ಹೋದರೆ ಲೆಕ್ಕ ಪರಿಶೋಧನೆಯಲ್ಲಿ ತಕರಾರು ಬರುತ್ತದೆ.

ಆಳಂದ ಬಿಸಿಯೂಟ:
ಕೂಸು ನೋಡೋ ಇಬ್ಬರ ಕೂಲಿನೂ ಆ ಠರಾವಿನಾಗೇ ಬರೀರಿ. ಬ್ಯಾರೆ ಎಲ್ಲಾ ಬರದು ಅದನ್ನ ಬಿಡ್ತಾರ.

ಶಹಾಬಾದ್ ಫರಸಿ:
ಮತ್ತ ಹತ್ತು-ಹತ್ತು ಮಂದಿ ಹಾಕಿದ 120ರ ಲೆಕ್ಕ ಸಂಘದ ಖಾತೆಗೆ ತರಬ್ಯಾಡ್ರಿ, ಅದು ಗ್ಯಾಂಗಿನದು. ಒಂದು ನೋಟ್‌ಬುಕ್ಕಿನಾಗ ಹತ್ತು ಹೆಸರು, ಹತ್ತು ಸಹಿ, ಕೆಳಗ ಹೋಗೋನ ಸಹಿ. ಶಿಬಿರ ಮುಗಿದು ಹದಿನೈದು ದಿನದೊಳಗ ಅದೇ ಹಾಳಿ ಮ್ಯಾಲ, ಪಾಳಿ ಬಿಟ್ಟ ಮ್ಯಾಲ ಹತ್ತೂ ಮಂದಿನ ಕುಂಡ್ರಿಸಿ ಪಗಾರ ಚೀಟಿ ಓದಿಸಿದ ತಾರೀಖು ಬರೀಬೇಕು. ತಾರೀಖು ಬರೀದವರನ್ನ ಮುಂದಿನ ಶಿಬಿರಕ್ಕ ಕರೀಬ್ಯಾಡ್ರಿ.