ದಸರಾ ರಜೆ ಮುಗಿದ ಮೇಲೆ ಮಕ್ಕಳಿಗೆ ಏನು ಪಾಠ? ಕೇಳಿ, ಹೇಳುತ್ತೇನೆ

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಶಾಲೆಯ ನಲಿ-ಕಲಿ ಟೀಚರ್. ಒಂದು, ಎರಡು, ಮೂರನೇ ತರಗತಿ ಮಕ್ಕಳು ಒಂದೇ ಕೋಣೆಯಲ್ಲಿ ಕೂತು ಕಾರ್ಡು, ಚಟುವಟಿಕೆಗಳಿಂದ ಕಲಿಯುತ್ತಾರಲ್ಲ, ಅದು ನನ್ನ ಕೋಣೆ. ಈ ವರ್ಷ ನಾಲ್ಕನೇ ತರಗತಿ ಗಣಿತ, ಪರಿಸರವೂ ನನ್ನ ತಲೆಗೇ ಬಂದಿದೆ. ಎರಡನೇ ಅವಧಿ ಏಪ್ರಿಲ್‌ವರೆಗೆ ಅಂತ ಲೆಕ್ಕ, ಆದರೆ ರಾಜ್ಯೋತ್ಸವ, ಮಕ್ಕಳ ದಿನ, ಪ್ರತಿಭಾ ಕಾರಂಜಿ, ಕ್ರೀಡಾಕೂಟ ಅಂತ ದಿನ ಹೋಗೋದು ಗೊತ್ತೇ ಆಗಲ್ಲ. ಅದಕ್ಕೇ ಈಗಲೇ ಕೇಳಿಬಿಡಿ.

ಪ್ರಶ್ನೆ: ಮಿಸ್, ಮಗಳು ಒಂದನೇ ತರಗತಿ. ಜೂನ್‌ನಿಂದ ಹೋಗ್ತಿದ್ದಾಳೆ, ಇನ್ನೂ ಅ ಆ ಇ ಈ ಹೇಳಕ್ಕೆ ಬರಲ್ಲ. ರ, ಗ, ಸ ಅಂತಾಳೆ! ಪಕ್ಕದ ಮನೆ ಕಾನ್ವೆಂಟ್ ಹುಡುಗ ಪೂರ್ತಿ ವರ್ಣಮಾಲೆ ಒಪ್ಪಿಸ್ತಾನೆ. ದಸರಾ ಆದ ಮೇಲಾದರೂ ಕಲಿಸ್ತೀರಾ?

ಉತ್ತರ: ಪ್ರತಿ ವರ್ಷ ಈ ಪ್ರಶ್ನೆ ಬರದೇ ಇರಲ್ಲ. ನಲಿ-ಕಲಿಯಲ್ಲಿ ಶುರುವಾಗುವುದೇ ರ ಗ ಸ ದ ಅ ಇಂದ, ಆಮೇಲೆ ಜ ವ ಮ ಬ ನ. ಕಾರಣ ಇದೆ. ಇವು ಬರೆಯಲು ಸುಲಭ, ದುಂಡಗೆ ಒಂದನ್ನೊಂದು ಹೋಲುತ್ತವೆ, ಮತ್ತೆ ಐದೇ ಅಕ್ಷರದಲ್ಲಿ ಮಗು ಪದ ಓದಿಬಿಡುತ್ತದೆ. ಸರ, ಅರಸ, ಅಗಸ, ಗರಗಸ. ದಸರ ಕೂಡ! ಅ ಆ ಇ ಈ ಉ ಊ ಆರು ಅಕ್ಷರ ಕಲಿತರೂ ಓದಕ್ಕೆ ಏನು ಸಿಗುತ್ತೆ ಹೇಳಿ. ಇದು ನನ್ನ ಸ್ವಂತ ಕಿತಾಪತಿ ಅಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ. ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿಬಂದ ನಮ್ಮ ಶಿಕ್ಷಕರೇ ಕಟ್ಟಿದ್ದು, 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಈ ಅವಧಿಯಲ್ಲಿ ಉಳಿದ ಅಕ್ಷರ, ಜೊತೆಗೆ ಕಾಗುಣಿತ. ವರ್ಣಮಾಲೆಯ ಸಾಲು ಕೊನೆಗೆ ತಾನಾಗೇ ಬರುತ್ತದೆ. ಆ ಹುಡುಗನಿಗೆ ‘ಗರಗಸ’ ಅಂತ ಬರೆದು ತೋರಿಸಿ, ಓದ್ತಾನಾ ನೋಡಿ. (ಜಗಳ ಆದ್ರೆ ನನ್ನ ಹೆಸರು ಹೇಳಬೇಡಿ.)

ಪ್ರಶ್ನೆ: ಎರಡನೇ ತರಗತಿ ಮಗ. ಕಾಗುಣಿತ ಚೆನ್ನಾಗೇ ಇದೆ, ಒತ್ತಕ್ಷರ ಬಂದ ತಕ್ಷಣ ನಿಂತುಬಿಡ್ತಾನೆ. ಇನ್ನೊಂದು, ಹಣ್ಣು ಅನ್ನೋದನ್ನು ‘ಅಣ್ಣು’ ಅಂತ, ಹಾವು ಅನ್ನೋದನ್ನು ‘ಆವು’ ಅಂತ ಬರೀತಾನೆ. ಮಂಡ್ಯ ಕಡೆಯವರು ನಾವು, ಮನೇಲಿ ಹಂಗೇ ಮಾತಾಡೋದು. ಟ್ಯೂಷನ್ ಹಾಕಲಾ?

ಉತ್ತರ: ಟ್ಯೂಷನ್ ಬೇಡ ಸಾರ್. ಎರಡನೇ ತರಗತಿಯಲ್ಲಿ ಈ ಅವಧಿಯ ದೊಡ್ಡ ಕೆಲಸವೇ ಒತ್ತಕ್ಷರ, ನನ್ನ ಪ್ರಕಾರ ಇಡೀ ಪ್ರಾಥಮಿಕ ಶಾಲೆಯಲ್ಲೇ ಮಕ್ಕಳು ಹೆಚ್ಚು ಎಡವುವ ಜಾಗ ಇದು. ಐದನೇ ತರಗತಿಗೆ ಬಂದು ‘ಓದಲು ಬರಲ್ಲ’ ಅನ್ನಿಸಿಕೊಳ್ಳುವ ಎಷ್ಟೋ ಮಕ್ಕಳನ್ನು ಕೂರಿಸಿಕೊಂಡು ನೋಡಿದರೆ ಅಕ್ಷರ ಬರುತ್ತೆ, ಕಾಗುಣಿತ ಬರುತ್ತೆ, ಸಿಕ್ಕಿಹಾಕಿಕೊಂಡಿರುವುದು ಇಲ್ಲೇ. ಗಮನಿಸಿ, ಕ, ಗ, ಚ, ಪ ಇವುಗಳ ಒತ್ತು ಅದೇ ಅಕ್ಷರದ ಪುಟ್ಟ ರೂಪ, ತಲೆಕಟ್ಟು ಮಾತ್ರ ಇಲ್ಲ. ಮಕ್ಕಳು ಬೇಗ ಗುರುತು ಹಿಡಿಯುತ್ತಾರೆ. ಕಷ್ಟ ಕೊಡುವುದು ತ, ನ, ಮ, ಯ, ರ, ಲ. ಈ ಆರರ ಒತ್ತಿಗೂ ಮೂಲ ಅಕ್ಷರಕ್ಕೂ ಹೋಲಿಕೆಯೇ ಕಾಣಲ್ಲ, ಕತ್ತೆ, ಅನ್ನ, ಅಮ್ಮ, ಅಯ್ಯ, ಚಕ್ರ, ಬೆಲ್ಲ ಬರೆದು ನೋಡಿ ಗೊತ್ತಾಗುತ್ತೆ. ಹಾಗಾಗಿ ಮೊದಲು ಅಕ್ಕ, ಅಪ್ಪ, ಹಗ್ಗ ಓದಿಸಿ, ಆಮೇಲೆ ಈ ಆರನ್ನು ದಿನಕ್ಕೊಂದರಂತೆ. ರಸ್ತೆ, ಪುಸ್ತಕದಂಥ ಬೇರೆ ಬೇರೆ ಅಕ್ಷರ ಸೇರುವ ಪದ ಅದಾದ ಮೇಲೆ. ಸರ್ಪ, ಸೂರ್ಯದ ಅರ್ಕಾವತ್ತು ಕಟ್ಟಕಡೆಗೆ, ಅದು ಬರೆಯೋದೇ ಉಲ್ಟಾ, ಬಾಯಲ್ಲಿ ಮೊದಲು ಬರುವ ರ್ ಕೈಯಲ್ಲಿ ಆಮೇಲೆ.

‘ಅಣ್ಣು’ ವಿಷಯಕ್ಕೆ ಬೈಬೇಡಿ. ಅವನು ಕೇಳಿದ್ದನ್ನು ಸರಿಯಾಗೇ ಬರೆದಿದ್ದಾನೆ, ಕಿವಿ ಚುರುಕಾಗಿದೆ ಅಂತ ಅರ್ಥ. ಮನೆ ಮಾತು ಮನೆ ಮಾತೇ, ಅದನ್ನು ತಿದ್ದಕ್ಕೆ ನಾನು ಹೋಗಲ್ಲ. ಹಣ್ಣು, ಹಾಲು, ಹಾವು, ಹೂವು ಅಂತ ಚೀಟಿ ಬರೆದು ಚಿತ್ರದ ಪಕ್ಕ ಅಂಟಿಸಿ. ಪುಸ್ತಕದಲ್ಲಿ ಹೀಗೆ ಬರೀತಾರೆ ಅಂತ ಹೇಳಿದರೆ ಸಾಕು.

ಪ್ರಶ್ನೆ: ಮೂರನೇ ತರಗತಿ ಮಗಳು 52ರಲ್ಲಿ 27 ಕಳೆದರೆ 35 ಅಂತಾಳೆ ಮೇಡಂ. ‘ಪಕ್ಕದ ಮನೆಯಿಂದ ಸಾಲ ತಗೋ’ ಅಂತ ನೂರು ಸಲ ಹೇಳಿಕೊಟ್ಟೆ. ಮಗ್ಗಿನೂ ಬರಲ್ಲ.

ಉತ್ತರ: ಅವಳು 7ರಲ್ಲಿ 2 ಕಳೆದಿದ್ದಾಳೆ, ದೊಡ್ಡದರಲ್ಲಿ ಚಿಕ್ಕದು. ಸಾಲದ ಕಥೆ ಬಿಡಿ, ಸಾಲ ಅಂದ್ರೆ ವಾಪಸ್ ಯಾವಾಗ ಕೊಡ್ಬೇಕು ಅಂತ ಒಬ್ಬ ಹುಡುಗ ನನ್ನನ್ನೇ ಕೇಳಿದ್ದ, ಉತ್ತರ ಇರಲಿಲ್ಲ. ಪೊರಕೆ ಕಡ್ಡಿ ಮುರಿದು ಹತ್ತತ್ತರ ಕಟ್ಟು ಮಾಡಿ ರಬ್ಬರ್ ಹಾಕಿ. 52 ಅಂದರೆ 5 ಕಟ್ಟು, 2 ಬಿಡಿ. 7 ಬಿಡಿ ತೆಗಿ ಅಂದರೆ ತೆಗೆಯಕ್ಕೆ ಆಗಲ್ಲ, ಅವಳೇ ಒಂದು ಕಟ್ಟು ಬಿಚ್ಚುತ್ತಾಳೆ. ಈಗ 4 ಕಟ್ಟು, 12 ಬಿಡಿ. ತೆಗೆದ ಮೇಲೆ 25. ಒಂದು ವಾರ ಕಡ್ಡಿಯಲ್ಲೇ ಮಾಡಿಸಿ, ಆಮೇಲೆ ನೋಟ್‌ಬುಕ್. ಇದು ಗಟ್ಟಿಯಾದರೆ ಮೂರಂಕಿ ಲೆಕ್ಕ ಕಷ್ಟವಿಲ್ಲ.

ಮಗ್ಗಿ ಬಾಯಿಪಾಠ ಬೇಡ ಅನ್ನುವವಳು ನಾನಲ್ಲ. ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು ಅಂತ ರಾಗವಾಗಿ ಹೇಳಿದರೆ ಜನ್ಮಕ್ಕೆ ಮರೆಯಲ್ಲ. ಆದರೆ ಮೊದಲು ಹುಣಸೆಬೀಜ ಏಳೇಳು ಗುಂಪು ಮಾಡಿ ಎಣಿಸಲಿ.

ಪ್ರಶ್ನೆ: ನಾಲ್ಕನೇ ತರಗತಿ. ಎಸ್‌ಎ 1ರಲ್ಲಿ, ಅಂದ್ರೆ ಮೊದಲ ಅವಧಿ ಕೊನೆಯ ಪರೀಕ್ಷೆಯಲ್ಲಿ, ಮಾರ್ಕ್ಸ್ ಕಡಿಮೆ ಬಂದಿದೆ. ಈ ವರ್ಷ ಕಥೆ ಮುಗೀತಾ?

ಉತ್ತರ: ಅಯ್ಯೋ ಇಲ್ಲ. ನಾಲ್ಕು ಎಫ್‌ಎಗೆ (ನಡುನಡುವೆ ಮಾಡುವ ಸಣ್ಣ ಮೌಲ್ಯಮಾಪನ) 15ರಂತೆ 60, ಎರಡು ಎಸ್‌ಎಗೆ 20ರಂತೆ 40. ಎರಡು ಸಣ್ಣವು, ಒಂದು ದೊಡ್ಡದು, ಸರಿಯಾಗಿ ಅರ್ಧ ಇನ್ನೂ ಬಾಕಿ. ನಮ್ಮಲ್ಲಿ ಈ ಅವಧಿಗೆ ಉಳಿದಿರುವುದು ಭಿನ್ನರಾಶಿ, ಅಳತೆ, ಪರಿಸರದಲ್ಲಿ ನಕ್ಷೆ ಮತ್ತು ದಿಕ್ಕು. ಭಿನ್ನರಾಶಿಯನ್ನು ಚಪಾತಿಯಲ್ಲಿ ಮುಗಿಸಿ. ನಕ್ಷೆ ಗೋಡೆಗೆ ನೇತುಹಾಕಿ ‘ಉತ್ತರ ಎಲ್ಲಿ’ ಅಂದರೆ ಅರ್ಧ ಮಕ್ಕಳು ಸೂರಿನ ಕಡೆ ಕೈ ತೋರಿಸುತ್ತಾರೆ. ಬೆಳಗ್ಗೆ ಅಂಗಳದಲ್ಲಿ ಬಿಸಿಲಿಗೆ ಮುಖ ಮಾಡಿ ನಿಲ್ಲಿಸಿ, ಎಡಗೈ ಕಡೆ ಉತ್ತರ ಅಂತ ತೋರಿಸಿ. ಆಮೇಲೆ ಮನೆಯಿಂದ ಶಾಲೆ ದಾರಿ ನೆಲದ ಮೇಲೇ ಸುಣ್ಣದಕಡ್ಡಿಯಲ್ಲಿ ಬರೆಸಿ.

ಪ್ರಶ್ನೆ: ಟೀಚರ್, ತಮ್ಮನ ಮದುವೆ ಇದೆ, ಊರಿಗೆ ಹೋದರೆ ಹತ್ತು ದಿನ ತಪ್ಪುತ್ತದೆ. ಮಗಳು ಎರಡನೇ ತರಗತಿ, ನಿಮ್ಮ ಹಾಗೇ ನಲಿ-ಕಲಿ. ಪಾಠ ಮುಂದೆ ಹೋಗಿಬಿಡುತ್ತಾ?

ಉತ್ತರ: ನಲಿ-ಕಲಿಯ ಒಳ್ಳೇದೇ ಅದು ಕಣಮ್ಮ. ಪಾಠಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಏಣಿ ಇರುತ್ತೆ, ಪ್ರತಿ ಮಗುವೂ ತನ್ನ ಏಣಿಯಲ್ಲಿ ತಾನು ಹತ್ತೋದು, ಯಾವ ಕಾರ್ಡಿನಲ್ಲಿ ನಿಂತಿದ್ದಳೋ ಬಂದ ಮೇಲೆ ಅಲ್ಲಿಂದಲೇ ಶುರು. ಯಾವ ಮಗು ಎಲ್ಲಿದೆ ಅಂತ ತೋರಿಸುವ ಪ್ರಗತಿ ನೋಟದಲ್ಲಿ ಗುರುತು ಇರುತ್ತೆ. ಆರಾಮಾಗಿ ಹೋಗಿಬನ್ನಿ. ಬರುವಾಗ ಲಗ್ನಪತ್ರಿಕೆ ಒಂದನ್ನು ಅವಳ ಬ್ಯಾಗಿಗೆ ಹಾಕಿ ಕಳಿಸಿ, ಓದಿಸಲು ಅವಳ ಟೀಚರ್‌ಗೆ ಹೇಳಿರಿ, ಅದರಷ್ಟು ಒತ್ತಕ್ಷರ ನಮ್ಮ ಯಾವ ಕಾರ್ಡಿನಲ್ಲೂ ಇಲ್ಲ.