ಸಹಾಯ ಬೇಕು: ಕನ್ನಡದಲ್ಲಿ ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತುವ ಪ್ರಥಮ ಚಿಕಿತ್ಸೆ) ಕಲಿಸುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ನಮ್ಮ ಆಫೀಸಿನಲ್ಲಿ 14 ಜನ ಸೇರಿ, ಸೆಪ್ಟೆಂಬರ್ 29ರ ವಿಶ್ವ ಹೃದಯ ದಿನದವರೆಗೆ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುತ್ತಿದ್ದೇವೆ. ಒಂದೊಂದು ಮಹಡಿಗೂ 5 ರೂಪಾಯಿ ಡಬ್ಬಿಗೆ. ಆ ದುಡ್ಡು ಜಯದೇವ ಆಸ್ಪತ್ರೆಯ ಬಡ ರೋಗಿಗಳಿಗೆ ಸೇರಬೇಕು ಅಂತ ಆಸೆ. ಅಲ್ಲಿ ಯಾರನ್ನು ಕೇಳಬೇಕು? ಗೊತ್ತಿದ್ದವರು ತಿಳಿಸಿ.

ಇನ್ನೊಂದು ಮುಖ್ಯ ವಿಷಯ. ಹೋದ ವರ್ಷ ನಮ್ಮ ಸೆಕ್ಯೂರಿಟಿ ಅಣ್ಣ ಗೇಟ್ ಹತ್ತಿರವೇ ಕುಸಿದುಬಿದ್ದರು. ಕೈಯಲ್ಲಿದ್ದ ಟೀ ಲೋಟ ಉರುಳಿತು. ನಾವೆಲ್ಲ ಸುಮ್ನೆ ಸುತ್ತ ನಿಂತು ನೀರು ಚಿಮುಕಿಸಿದೆವು, ಅಷ್ಟೇ. ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಗಟ್ಟಿಯಾಗಿ ಒತ್ತಬೇಕಿತ್ತು ಅಂತ ಆಮೇಲೆ ಗೊತ್ತಾಯಿತು. ಅವರು ಉಳಿಯಲಿಲ್ಲ.

ಬೊಂಬೆ ತಂದು ಕಲಿಸುವ ನರ್ಸ್, ಡಾಕ್ಟರ್ ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಹೌಸ್‌ಕೀಪಿಂಗ್ ಅಕ್ಕಂದಿರೂ ಕಲಿಯುತ್ತಾರೆ. ಶನಿವಾರ ಆದರೆ ಒಳ್ಳೆಯದು.