ಅಪ್‌ಡೇಟ್: ಮೋ ನಾರ್ಮನ್ ಥರದ ಸ್ವಿಂಗ್ ಮಾಡಿ ನೋಡಿದೆ

ಹಿಂದೆ ಕೇಳಿದ್ದು ಇಷ್ಟು: ಗಾಲ್ಫ್‌ನಲ್ಲಿ ನಾನು ಹೊಡೆದ ಚೆಂಡು ಬಲಕ್ಕೇ ಬಾಗಿ ಹೋಗ್ತಿದೆ, ಕೆನಡಾದ ಗಾಲ್ಫರ್ ಮೋ ನಾರ್ಮನ್ ಥರ ಸಿಂಗಲ್ ಪ್ಲೇನ್ ಸ್ವಿಂಗ್ (ನಿಂತಾಗಲೂ ಹೊಡೆಯುವಾಗಲೂ ಕ್ಲಬ್, ಅಂದ್ರೆ ಗಾಲ್ಫ್ ಕೋಲು, ಹೆಚ್ಚುಕಮ್ಮಿ ಒಂದೇ ಓರೆಯಲ್ಲಿರೋದು) ಮಾಡಿದ್ರೆ ಹೇಗೆ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್, "ಸರ್ಕಸ್ ಬೇಡ" ಅಂದವರಿಗೂ.

ಆ ಪುಣ್ಯಾತ್ಮನ ಹಾಗೇ ಕಾಲು ಅಗಲಿಸಿ, ತೋಳು ಮತ್ತು ಶಾಫ್ಟ್ (ಕ್ಲಬ್ಬಿನ ಉದ್ದನೆ ದಂಡ) ಒಂದೇ ಗೆರೆಗೆ ಬರೋ ಹಾಗೆ ಕೈ ಚಾಚಿ ನಿಂತೆ. ಕ್ಲಬ್ ಹೆಡ್, ಅಂದ್ರೆ ಚೆಂಡಿಗೆ ಬಡಿಯೋ ತುದಿ, ಚೆಂಡಿಗಿಂತ ಸುಮಾರು ಒಂದು ಅಡಿ ಹಿಂದೆ. ಪ್ರಾಕ್ಟೀಸ್ ಮಾಡೋ ರೇಂಜಲ್ಲಿ ಪಕ್ಕದಲ್ಲಿದ್ದ ಅಂಕಲ್ "ಚೆಂಡು ಕಾಣ್ತಿಲ್ವೇನಪ್ಪಾ?" ಅಂದ್ರು. ಆದರೆ ಲೆಕ್ಕ ಸರಿಯಾಗೇ ಇದೆ. ಮಾಮೂಲಿ ಸ್ಟಾನ್ಸಲ್ಲಿ ಕೈ ಕೆಳಗಿರುತ್ತೆ, ಹೊಡೆಯುವಾಗ ಮೇಲೇರುತ್ತೆ. ಇಲ್ಲಿ ಮೊದಲೇ ಹೆಚ್ಚುಕಮ್ಮಿ ಆ ಎತ್ತರದಲ್ಲಿರುತ್ತೆ. 7 ಐರನ್ನಲ್ಲಿ (ಮಧ್ಯಮ ದೂರಕ್ಕೆ ಹೊಡೆಯೋ ಕ್ಲಬ್) ಹೊಡೆದ ಚೆಂಡು ಈಗ ನೆಟ್ಟಗೆ ಹೋಗ್ತಿದೆ, ದೂರ ಕೊಂಚ ಕಮ್ಮಿ. ಡ್ರೈವರ್ (ಅತಿ ದೂರಕ್ಕೆ ಹೊಡೆಯೋ ಉದ್ದನೆ ಕ್ಲಬ್) ಮಾತ್ರ ಇನ್ನೂ ಮಾತು ಕೇಳ್ತಿಲ್ಲ.

ಅಮೆರಿಕದ ಗಾಲ್ಫರ್ ಬ್ರೈಸನ್ ಡಿಶಾಂಬೋ ಐರನ್‌ಗಳನ್ನೆಲ್ಲ ಒಂದೇ ಉದ್ದಕ್ಕೆ ಮಾಡಿಸಿಕೊಂಡು 2020, 2024ರಲ್ಲಿ ಯುಎಸ್ ಓಪನ್ ಗೆದ್ದನಲ್ಲ, ನಾನೂ ಮಾಡಿಸಲಾ ಅಂತಾನೂ ಕೇಳಿದ್ದೆ. ಅದು ಸದ್ಯಕ್ಕಿಲ್ಲ. ಹೊಸ ಸೆಟ್ ಅಂದ್ರೆ ಮನೇಲಿ ಊಟ ಹಾಕಲ್ಲ. ಹಳೇ ಸೆಟ್ಟಿಗೇ ದಪ್ಪ ಗ್ರಿಪ್ ಹಾಕಿಸಿದ್ದೀನಿ, ಮೋ ಥರ ಅಂಗೈಲಿ ಹಿಡಿಯೋಕೆ ಅದೇ ಅನುಕೂಲ.